ಕೈಬಿಟ್ಟ ಕೆಲಸಗಳು: ಹಿರಿಯರಿಗೆ ಮನೆಯಲ್ಲಿ ನೆರವು ಬೇಕಾದುದನ್ನು ಗುರುತಿಸುವ ಬಗೆ

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಆರೋಗ್ಯ ತಪಾಸಣಾ ಪಟ್ಟಿಯಲ್ಲಿ ಅರವತ್ತು ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಊಟ, ಬಟ್ಟೆ, ಸ್ನಾನ, ಶೌಚಕ್ಕೆ ಬೇರೆಯವರ ಸಹಾಯ ಬೇಕೇ? ಹತ್ತಿರದವರ ಹೆಸರು, ಮನೆಯ ವಿಳಾಸ ಮರೆಯುತ್ತದೆಯೇ? ಬಾಗಿಲಲ್ಲಿ ನಿಂತು ಕೇಳಿದವರಿಗೆ ಉತ್ತರ ಕೊಡುವವಳು ಬಹುಮಟ್ಟಿಗೆ ಸೊಸೆ: ‘ಇಲ್ಲಕ್ಕ, ನಮ್ಮತ್ತೆ ಎಲ್ಲಾ ಅವರೇ ಮಾಡ್ಕೋತಾರೆ.’ ಅವಳು ಸುಳ್ಳು ಹೇಳುತ್ತಿಲ್ಲ. ಅತ್ತೆ ಸ್ನಾನ ಮಾಡುವುದು ತಾವೇ. ನೀರು ಕಾಯಿಸಿ, ಹದಕ್ಕೆ ಬೆರೆಸಿ, ಬಚ್ಚಲಿನ ಗೂಟಕ್ಕೆ ಸೀರೆ ಹಾಕಿ ಬರುವವಳು ಮಾತ್ರ ಸೊಸೆ. ತಟ್ಟೆಗೆ ಬಡಿಸುವವಳೂ ಅವಳೇ, ಮಾತ್ರೆ ಬಿಡಿಸಿ ಅಂಗೈಗೆ ಹಾಕುವವಳೂ ಅವಳೇ. ನೆರವು ಆಗಲೇ ನಡೆದಿದೆ; ಮನೆಯವರು ಅದನ್ನು ನೆರವೆಂದು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 9.5 ಜನ ಅರವತ್ತು ದಾಟಿದವರು. ಇವರ ಪೈಕಿ ಯಾರು ತೊಂದರೆಯಲ್ಲಿದ್ದಾರೆಂದು ತಿಳಿಯಲು ‘ಮಾಡಬಲ್ಲರೇ’ ಎಂಬ ಪ್ರಶ್ನೆ ಸಾಲದು. ‘ಮೊದಲು ಏನು ಮಾಡುತ್ತಿದ್ದರು, ಈಗ ಅದನ್ನು ಯಾರು ಮಾಡುತ್ತಿದ್ದಾರೆ’ ಎಂದು ಕೇಳಬೇಕು ಎಂಬುದು ಈ ಲೇಖನದ ವಾದ.

ಈ ಬಗೆಯ ಪಟ್ಟಿಗಳ ಮೂಲ ಅಮೆರಿಕದಲ್ಲಿದೆ. ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂಚಿ ಆರು ಕ್ರಿಯೆಗಳನ್ನು ನೋಡುತ್ತದೆ: ಸ್ನಾನ, ಉಡುಗೆ, ಶೌಚ, ಹಾಸಿಗೆಯಿಂದ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಕಾಟ್ಜ್ ಗಮನಿಸಿದಂತೆ ಇವು ತಪ್ಪಿಹೋಗುವುದಕ್ಕೂ ಒಂದು ಕ್ರಮವಿದೆ. ಸ್ನಾನ ಮೊದಲು ಕಷ್ಟವಾಗುತ್ತದೆ, ತಾನೇ ಉಣ್ಣುವ ಶಕ್ತಿ ಕೊನೆಯವರೆಗೂ ಉಳಿಯುತ್ತದೆ. 1969ರಲ್ಲಿ ಫಿಲಡೆಲ್ಫಿಯಾದ ಲಾಟನ್ ಮತ್ತು ಬ್ರೋಡಿ ಇನ್ನೊಂದು ಪಟ್ಟಿ ಕೊಟ್ಟರು. ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಓಡಾಟ, ಔಷಧ, ಹಣಕಾಸು ಎಂಬ ಎಂಟು ಬಾಬುಗಳು ಅದರಲ್ಲಿವೆ. ದೇಹದ ನಿತ್ಯಕರ್ಮಗಳಿಗಿಂತ ಮೊದಲು ಹದಗೆಡುವುದು ಸಾಮಾನ್ಯವಾಗಿ ಈ ಎರಡನೆಯ ಗುಂಪಿನ ಕೆಲಸಗಳೇ. ಆಶಾ ಪಟ್ಟಿಯ ಪ್ರಶ್ನೆಗಳು ಹೆಚ್ಚಾಗಿ ಕಾಟ್ಜ್ ಸೂಚಿಯ ಕಡೆಗೇ ವಾಲಿರುವುದರಿಂದ, ಅವು ಹಿಡಿಯುವುದು ತಡವಾದ ಹಂತವನ್ನು.

ಲಾಟನ್–ಬ್ರೋಡಿ ಪಟ್ಟಿಯ ಮೂಲರೂಪದಲ್ಲಿ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆತದ ಅಂಕಗಳನ್ನೇ ಬಿಟ್ಟಿದ್ದರು. ಅವರು ಎಂದೂ ಮಾಡದಿದ್ದ ಕೆಲಸ ಈಗ ಆಗದು ಎಂದರೆ ಅದರಿಂದ ತಿಳಿಯುವುದು ಏನೂ ಇಲ್ಲ. ನಮ್ಮಲ್ಲಿ ಈ ತೊಡಕು ಹೆಂಗಸರ ಕಡೆಯಿಂದಲೂ ಇದೆ. ಜೀವಮಾನದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತದ ಅಜ್ಜಿಗೆ ಚೆಕ್ಕಿನ ಬಗ್ಗೆ ಕೇಳಿ ಪ್ರಯೋಜನವಿಲ್ಲ. ದಂಪತಿಗಳಲ್ಲಂತೂ ಒಬ್ಬರ ಕೊರತೆಯನ್ನು ಇನ್ನೊಬ್ಬರು ವರ್ಷಗಟ್ಟಲೆ ತುಂಬುತ್ತಿರುತ್ತಾರೆ. ಗಂಡ ಮರೆತ ಹೆಸರನ್ನು ಹೆಂಡತಿ ಮೆಲ್ಲಗೆ ನೆನಪಿಸುತ್ತಾಳೆ, ಹೆಂಡತಿಗೆ ಕಾಣದ ಬಸ್ಸಿನ ಬೋರ್ಡನ್ನು ಗಂಡ ಓದುತ್ತಾನೆ. ಒಬ್ಬರು ತೀರಿಕೊಂಡಾಗ ಉಳಿದವರ ಸ್ಥಿತಿ ಬಯಲಾಗುತ್ತದೆ. ಮಕ್ಕಳು ‘ಅಮ್ಮ ಹೋದ ಮೇಲೆ ಅಪ್ಪ ಕುಗ್ಗಿಬಿಟ್ಟರು’ ಎನ್ನುತ್ತಾರೆ. ದುಃಖದ ಪಾಲು ಅದರಲ್ಲಿ ಖಂಡಿತ ಇದೆ. ಆದರೆ ಕುಗ್ಗುವಿಕೆ ಎಷ್ಟೋ ಸಲ ಮೊದಲೇ ಆರಂಭವಾಗಿರುತ್ತದೆ.

ಎಂದೂ ಮಾಡದ ಕೆಲಸದ ಬಗ್ಗೆ ಕೇಳುವ ತೊಡಕಿಗೆ ಭಾರತದಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿದೆ, ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಕ್ಷರ ಬಾರದ ಹಿರಿಯರ ಮರೆವಿನ ಕಾಯಿಲೆಯನ್ನು ಅಧ್ಯಯನ ಮಾಡಿದ ಭಾರತ–ಅಮೆರಿಕ ತಂಡ 1999ರಲ್ಲಿ ಹನ್ನೊಂದು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಉಂಡದ್ದು ಮರೆತು ಮತ್ತೆ ಊಟ ಕೇಳುತ್ತಾರೆಯೇ, ಊರೊಳಗೇ ದಾರಿ ತಪ್ಪುತ್ತಾರೆಯೇ, ದೊಡ್ಡ ಹಬ್ಬಗಳು ನೆನಪಿವೆಯೇ, ಮದುವೆಯಂಥ ಮನೆಯ ವಿಚಾರಗಳಲ್ಲಿ ಅಭಿಪ್ರಾಯ ಹೇಳುತ್ತಾರೆಯೇ ಎಂದು ಮನೆಯವರನ್ನೇ ಕೇಳುವ ಕ್ರಮ ಅದು. ಹಿರಿಯರ ಬಾಳು ಎಲ್ಲಿ ನಡೆಯುತ್ತದೋ ಅಲ್ಲಿಂದಲೇ ಪ್ರಶ್ನೆಗಳು ಹುಟ್ಟಿವೆ. ಕರ್ನಾಟಕಕ್ಕೂ ಇಂಥ ಪಟ್ಟಿ ಬೇಕು, ಅದೂ ಒಂದೇ ಅಲ್ಲ: ಮಲೆನಾಡಿನ ಒಂಟಿಮನೆಯ ಹಿರಿಯರ ದಿನಚರಿ ಬೇರೆ, ಕಲಬುರಗಿಯ ಓಣಿಯದು ಬೇರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನದು ಇನ್ನೂ ಬೇರೆ.

ಅಂಥ ಪಟ್ಟಿಗೆ ಸಾಮಗ್ರಿ ಮನೆಯೊಳಗೇ ಇದೆ. ಮಾತ್ರೆಯ ಸ್ಟ್ರಿಪ್ಪುಗಳನ್ನು ತೆಗೆದುಕೊಳ್ಳಿ. ತಿಂಗಳಿಗೆಂದು ತಂದ ಬಿ.ಪಿ. ಮಾತ್ರೆಯ ಮೂರು ಸ್ಟ್ರಿಪ್ಪುಗಳಲ್ಲಿ ಇಪ್ಪತ್ತೈದನೆಯ ದಿನವೂ ಎರಡು ಒಡೆಯದೇ ಉಳಿದಿದ್ದರೆ, ‘ತಪ್ಪದೇ ತಗೋತೀನಿ’ ಎಂಬ ಮಾತಿಗಿಂತ ಅದನ್ನು ನಂಬಬೇಕು. ಡಬ್ಬಿಯಲ್ಲಿ ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿದ್ದು, ಎರಡೂ ಅರ್ಧರ್ಧ ಖಾಲಿಯಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಅಡುಗೆಮನೆಯಲ್ಲಿ ತಳಹಿಡಿದು ಕಪ್ಪಾದ ಪಾತ್ರೆಗಳು, ಬಿಚ್ಚದ ತೊಗರಿಬೇಳೆಯ ಪೊಟ್ಟಣಗಳ ರಾಶಿ, ಹುಳಿ–ಪಲ್ಯ ಮಾಡುತ್ತಿದ್ದ ಮನೆಯಲ್ಲಿ ಹೊತ್ತು ಹೊತ್ತಿಗೂ ಬರೀ ಅವಲಕ್ಕಿ–ಮೊಸರು. ಸಡಿಲವಾಗಿ ಜಾರುವ ಬಳೆ ತೂಕ ಇಳಿದದ್ದನ್ನು ಹೇಳುತ್ತದೆ. ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಬಿದ್ದ ಕೈಗುರುತು, ನಡೆಯುವಾಗ ಆಸರೆ ಬೇಕಾಗಿದೆ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಕೈಪಿಡಿ, ಕೈಯೂರದೆ ಕುರ್ಚಿಯಿಂದ ಐದು ಸಲ ಏಳಲು 14 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಚಲನೆಯ ಶಕ್ತಿಯನ್ನು ಮುಂದೆ ಪರೀಕ್ಷಿಸಬೇಕೆನ್ನುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆ ದಿನವೂ ನಡೆಯುತ್ತದೆ: ಚಾಪೆಯಿಂದ ಏಳುವುದು, ಕುಕ್ಕರಗಾಲಲ್ಲಿ ಕೂತು ಶೌಚ ಮುಗಿಸಿ ಏಳುವುದು. ಎಷ್ಟೋ ಹಿರಿಯರು ಈ ಕಷ್ಟಕ್ಕೆ ಹೆದರಿಯೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ತಿಂಗಳುಗಟ್ಟಲೆ ನಿಧಾನವಾಗಿ ಕಾಣಿಸುವ ಬದಲಾವಣೆ ಬೇರೆ, ಎರಡು ದಿನದಲ್ಲಿ ಬಂದ ಗೊಂದಲ ಬೇರೆ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಹಗಲು–ರಾತ್ರಿ ತಿಳಿಯದೆ ತಡಬಡಿಸಿದರೆ ಸೋಂಕು, ಸೋಡಿಯಂ ಇಳಿಕೆ, ಹೊಸ ಔಷಧದ ಪರಿಣಾಮ ಮುಂತಾದ ಕಾರಣ ಇರಬಹುದು. ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ನಿಧಾನದ ಮರೆವಿನ ಹಿಂದೆಯೂ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಮಂದ ಕಿವಿ ಇರಬಹುದು. ಇವಕ್ಕೆ ಚಿಕಿತ್ಸೆಯಿದೆ. ಅರಳುಮರಳು ಎಂದು ತಳ್ಳಿಹಾಕಿದಾಗ ಕಳೆದುಹೋಗುವುದು ಈ ಅವಕಾಶ.

ದೂರದ ಮಕ್ಕಳು ಹಿರಿಯರನ್ನು ನೋಡುವುದು ಎರಡು ಸಂದರ್ಭಗಳಲ್ಲಿ: ವಿಡಿಯೋ ಕರೆಯಲ್ಲಿ, ಹಬ್ಬಕ್ಕೆ ಬಂದಾಗ. ಕರೆಯಲ್ಲಿ ಕಾಣುವುದು ಮುಖ ಮಾತ್ರ. ಹಬ್ಬಕ್ಕಾದರೋ ಮನೆ ಗುಡಿಸಿ ಸಾರಿಸಿರುತ್ತದೆ, ಹಿರಿಯರು ಇದ್ದಬದ್ದ ಚೈತನ್ಯವನ್ನೆಲ್ಲ ಕೂಡಿಸಿಕೊಂಡಿರುತ್ತಾರೆ. ಅವರ ಸಾಮಾನ್ಯ ದಿನಗಳನ್ನು ಬಲ್ಲವರು ಹಾಲಿನವರು, ಪಕ್ಕದ ಮನೆಯವರು, ಮೆಡಿಕಲ್ ಶಾಪಿನವರು, ಅಂಚೆಯವರು. ವಿಚಾರಣೆಯನ್ನು ಇವರಿಂದ ಆರಂಭಿಸುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಇದು ಹಿರಿಯರ ಬೆನ್ನ ಹಿಂದಿನ ಪತ್ತೇದಾರಿಕೆ ಆಗಬಾರದು. ಏನು ಕಷ್ಟವಾಗುತ್ತಿದೆ ಎಂದು ಅವರನ್ನೂ ಒಬ್ಬರೇ ಇರುವಾಗ ಕೇಳಬೇಕು; ಸೊಸೆಯ ಎದುರು, ಮಗನ ಎದುರು ಬಾರದ ಮಾತು ಆಗ ಬರುತ್ತದೆ.

ಗುರುತಿಸಿದ ಮೇಲೆ ನಾವು ಮಾಡುವ ತಪ್ಪು ಇನ್ನೊಂದು ತುದಿಯದು: ಎಲ್ಲ ಕೆಲಸವನ್ನೂ ಕಿತ್ತುಕೊಂಡು ‘ಸುಮ್ಮನೆ ಕೂತಿರಿ’ ಎನ್ನುವುದು. ಕೂತಲ್ಲೇ ಕೂತ ದೇಹ ಬೇಗ ಬಲಗುಂದುತ್ತದೆ. ಯಾವ ಕೊಂಡಿ ಸಡಿಲವಾಗಿದೆಯೋ ಅಷ್ಟಕ್ಕೇ ನೆರವು ಸಾಕು. ಗ್ಯಾಸ್ ಆರಿಸುವುದು ಮರೆಯುವ ಅಜ್ಜಿಯ ಒಲೆಯ ಬಳಿ ಯಾರಾದರೂ ನಿಲ್ಲಲಿ. ಹುಳಿಗೆ ಉಪ್ಪು–ಖಾರ ನೋಡುವುದು, ಸೊಪ್ಪು ಬಿಡಿಸುವುದು ಅವರ ಕೈಯಲ್ಲೇ ಇರಲಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಮಾತ್ರೆಯ ವಾರದ ಡಬ್ಬಿಯನ್ನು ಭಾನುವಾರ ತುಂಬಿಟ್ಟರೆ ಎಷ್ಟೋ ಮನೆಗಳಿಗೆ ಸದ್ಯಕ್ಕೆ ಅಷ್ಟೇ ಬೇಕಾದದ್ದು. ಮೂರು ತಿಂಗಳ ನಂತರ ಅದೇ ಕೆಲಸಗಳನ್ನು ಯಾರು ಮಾಡುತ್ತಿದ್ದಾರೆಂದು ಮತ್ತೆ ಕೇಳಿ, ಉತ್ತರವನ್ನು ಹಿಂದಿನದರ ಪಕ್ಕ ಬರೆದಿಡಬೇಕು.