ಮಾಳಿಗೆ ಮನೆಯ ತಂಪು

ನಮ್ಮ ಹೊಸೂರು ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ತಳಿ ಕಡೆಯ ತಂಪು ಕಂಡು ಬ್ರಿಟಿಷರು ಆ ಊರನ್ನು 'ಲಿಟಲ್ ಇಂಗ್ಲೆಂಡ್' ಅಂತಲೇ ಕರೆದರು. ಇಂಥ ಸೀಮೇಲೂ ಈಗ ಬೇಸಿಗೆ ಬಂದ್ರೆ ಮಹಡಿ ಕೋಣೇಲಿ ನಿದ್ದೆ ಹತ್ತೋದಿಲ್ಲ. ಯಾಕೆ ಅಂತ ತಿಳೀಬೇಕಾದ್ರೆ ನಮ್ಮ ಮನೆಗಳ ಚರಿತ್ರೆ ನೋಡಬೇಕು.

ಹಿಂದಿನವರು ತೊಲೆ, ಅದರ ಮೇಲೆ ಜಂತೆ, ಜಂತೆ ಮೇಲೆ ಸೊಪ್ಪುಸದೆ ಹಾಕಿ ದಪ್ಪಗೆ ಮಣ್ಣು ಮುಚ್ಚುತ್ತಿದ್ದರು. ಉಳ್ಳವರು ಇಟ್ಟಿಗೆ ಜೋಡಿಸಿ ಗಾರೆ ಹಾಕಿಸುತ್ತಿದ್ದರು. ಆ ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸೋರು. ಮಧ್ಯಾಹ್ನದ ಕಾವು ಆ ದಪ್ಪ ದಾಟಿ ಕೆಳಗಿಳಿಯೋ ಹೊತ್ತಿಗೆ ಸಂಜೆಯಾಗಿ ತಣ್ಣನೆ ಗಾಳಿ ಬೀಸುತ್ತಿತ್ತು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೊಸೂರು ಕಂಪನಿ ಕೈಗೆ ಹೋಯ್ತು. ಅದಕ್ಕೂ ಮುಂಚೆ ನಾವು ಮೈಸೂರಿನವರೇ. ಹೈದರಾಲಿ ಬೆಂಗಳೂರಲ್ಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆ ನೋಡಿ ಬನ್ನಿ. ಮಹಡಿ ಮೇಲೆ ಮರದ ಕಂಬಗಳು, ತೆರೆದ ಮೊಗಸಾಲೆ, ಗಾಳಿ ಆಡೋಕೆ ದಾರಿ. ಬಡವರ ಮನೇಲಿ ಆ ಕೆಲಸ ಗವಾಕ್ಷಿ ಮಾಡ್ತಿತ್ತು. ಬಿಸಿಗಾಳಿ ಮೇಲಕ್ಕೇರುತ್ತೆ, ಮೇಲೆ ಕಿಂಡಿ ಇಲ್ಲದಿದ್ರೆ ಅಲ್ಲೇ ನಿಲ್ಲುತ್ತೆ.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ನಮ್ಮ ಕಡೆಗೂ ಬಂತು. ಹೆಂಚು ಬೇಗ ಕಾಯುತ್ತೆ, ಬೇಗ ಆರುತ್ತೆ. ಹೆಂಚಿನ ಕೆಳಗೆ ಅಟ್ಟ ಕಟ್ಟಿ ಕಾಳುಕಡ್ಡಿ ಇಟ್ಟರು, ಜನ ಕೆಳಗೆ ಮಲಗಿದರು.

ಇನ್ನೊಂದು ಮಾತು. ಆಗ ಮಲಗೋ ಕೋಣೆ ಅಂತ ಒಂದು ಗೊತ್ತಿರಲಿಲ್ಲ. ಮಳೆಗಾಲಕ್ಕೆ ನಡುಮನೆ, ಬೇಸಿಗೆಗೆ ಜಗುಲಿ, ಇಲ್ಲಾಂದ್ರೆ ಮಾಳಿಗೆ ಮೇಲೆ. ಕಾಲಕ್ಕೆ ತಕ್ಕಂತೆ ಚಾಪೆ ಜಾಗ ಬದಲಾಯಿಸ್ತಿತ್ತು.

ಈಗಿನ ಮೋಲ್ಡಿಂಗ್ ತಾರಸಿ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಕೋಣೆಯೊಳಕ್ಕೆ ಬಿಡುತ್ತೆ. ಮಂಚ ಮಾತ್ರ ಕದಲೋದಿಲ್ಲ, ಏಸಿ ತರ್ತೀವಿ.

ಹಳೇ ಮನೆ ಇರೋರು ಕೆಡವೋ ಮುಂಚೆ ಯೋಚಿಸಿ. ಇಲಿ, ಬಾವಲಿ ಬರ್ತವೆ ಅಂತ ಗವಾಕ್ಷಿ ಮುಚ್ಚಬೇಡಿ, ಜಾಲರಿ ಹಾಕಿ. ಮಧ್ಯಾಹ್ನ ಕಿಟಕಿ ಮುಚ್ಚಿ, ಸಂಜೆ ತೆಗೀರಿ. ಪಡುವಣ ಬಿಸಿಲಿಗೆ ಅಡ್ಡವಾಗಿ ಒಂದು ಹೊಂಗೆ ಗಿಡ ನೆಡಿ. ತಾರಸಿ ಮನೆಯವರು ಶಿವರಾತ್ರಿ ಕಳೀತಲೇ ಮೇಲೆ ಸುಣ್ಣ ಬಳೀರಿ. ಆಗೋದಾದ್ರೆ ಆಳೆತ್ತರದಲ್ಲಿ ತೆಂಗಿನ ಗರಿ ಚಪ್ಪರ ಹಾಕಿ.

ಗಾರೆ ಕೆಲಸ ಬಲ್ಲ ಕೈಗಳು ಕಡಮೆಯಾಗ್ತಿವೆ. ಮೇಷ್ಟ್ರುಗಳು ಮಕ್ಕಳನ್ನು ಒಂದು ದಿನ ಊರಿನ ಮಾಳಿಗೆ ಮನೆಗೆ ಕರ್ಕೊಂಡು ಹೋಗಿ, ಯಾವುದರ ಮೇಲೆ ಏನು ಹಾಕಿದ್ದಾರೆ ಅಂತ ಬರೆಸಬೇಕು. ಹಿರೀಕರು ಇರೋವಾಗಲೇ ಈ ಕೆಲಸ ಆಗ್ಲಿ.