ಗಾಳಿ ನಿಂತಾಗ ಬೀದಿಗೆ ಬಂದವರು

ವೀಕ್ಷಕರೇ, ಹವಾಮಾನ ವರದಿ ಓದೋದು ನನ್ನ ಕೆಲಸದ ಒಂದು ಭಾಗ. ಆದರೆ ಹವಾಮಾನ ಅಂದ್ರೆ ಏನು ಅಂತ ನನಗೆ ಅರ್ಥವಾಗಿದ್ದು ಸ್ಟುಡಿಯೋದಲ್ಲಿ ಅಲ್ಲ, ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿನಲ್ಲಿ.

ರಜೆಗೆ ಅಂತ ಹತ್ತಿದ ಕ್ರೂಸ್ ಹಡಗು ಅಲ್ಲಿ ಒಂದು ಹಗಲು ನಿಂತಿತ್ತು. ಬೆಳಿಗ್ಗೆ ಕೆಳಗಿಳಿದಾಗ ಸುಡುಬಿಸಿಲು. ಟ್ಯಾಕ್ಸಿ ಹಿಡಿದು ಕ್ಯೂರ್‌ಪಿಪ್ ಅನ್ನೋ ಎತ್ತರದ ಊರಿಗೆ ಹೋದರೆ ಅಲ್ಲಿ ಜಡಿಮಳೆ, ಚಳಿ. ವಾಪಸ್ ಬಂದರೆ ಬಂದರಿನಲ್ಲಿ ಮತ್ತೆ ಬಿಸಿಲು! ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಕಾರಣ ಹುಡುಕದೆ ಇರೋಕೆ ಆಗಲಿಲ್ಲ. ಕಾರಣ ಸರಳ. ಆಗ್ನೇಯದಿಂದ ಬೀಸುವ ಗಾಳಿ ದ್ವೀಪದ ಎತ್ತರದ ನೆಲಕ್ಕೆ ತಾಗಿ ಮೇಲೇರುತ್ತೆ, ತಣ್ಣಗಾಗುತ್ತೆ, ಅಲ್ಲೇ ಮಳೆ ಸುರಿಸುತ್ತೆ. ವಾಯವ್ಯದ ಕರಾವಳಿಯಲ್ಲಿರುವ ಪೋರ್ಟ್ ಲೂಯಿ ಬೆಟ್ಟದ ಮರೆಯಲ್ಲಿ ಒಣಗಿರುತ್ತೆ. ನಮ್ಮ ಆಗುಂಬೆಗೂ ಬಯಲುಸೀಮೆಗೂ ಇರೋ ವ್ಯತ್ಯಾಸವೇ ಇದು. ಇಲ್ಲಿ ಅರ್ಧ ದಿನದ ಪ್ರಯಾಣ, ಅಲ್ಲಿ ಅರ್ಧ ಗಂಟೆಯ ದಾರಿ, ಅಷ್ಟೇ.

ನಾವು ಇಳಿದ ಬಂದರಿನಲ್ಲೇ ಇನ್ನೊಂದು ಇಳಿದಾಣ ಇದೆ. ಹೆಸರು ಆಪ್ರವಾಸಿ ಘಾಟ್. 1834ರಲ್ಲಿ ಕಲ್ಕತ್ತಾದಿಂದ 36 ಜನ ಕೂಲಿಕರಾರಿನ ಮೇಲೆ ಈ ದ್ವೀಪಕ್ಕೆ ಬಂದರು. ಆಮೇಲೆ 1920ರ ತನಕ ಬಂದವರು ಸುಮಾರು ನಾಲ್ಕೂವರೆ ಲಕ್ಷ. ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ಅವರನ್ನು ಇಳಿಸಿಕೊಂಡು, ಹೆಸರು ಬರೆಸಿ, ಕಬ್ಬಿನ ತೋಟಗಳಿಗೆ ಹಂಚುತ್ತಿದ್ದ ವಲಸೆ ಡಿಪೋ ಇದು. 2006ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಲ್ಲಿನ ಮೆಟ್ಟಿಲುಗಳ ಮುಂದೆ ನಿಂತಾಗ ಸಂಜೆಗೆ ವಾಪಸ್ ಹಡಗು ಹತ್ತುವ ನನ್ನ ಟಿಕೆಟ್ ಜೇಬಿನಲ್ಲೇ ಭಾರ ಅನ್ನಿಸಿತು.

ಈಗ ಇನ್ನೊಬ್ಬ ಮನುಷ್ಯನ ವಿಷಯಕ್ಕೆ ಬರ್ತೀನಿ. ಚಾರ್ಲ್ಸ್ ಮೆಲ್ಡ್ರಮ್, ಸ್ಕಾಟ್ಲೆಂಡಿನವರು. ಮುಂಬೈಯಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದು, 1848ರಲ್ಲಿ ಮಾರಿಷಸ್‌ಗೆ ಗಣಿತದ ಮೇಷ್ಟ್ರಾಗಿ ಬಂದರು. 1851ರಲ್ಲಿ ಅಲ್ಲಿ ಹವಾಮಾನ ಸಂಘ ಶುರುವಾಗೋಕೆ ಕಾರಣರಾದರು. ಅವರ ಹತ್ತಿರ ಉಪಗ್ರಹ ಇರಲಿಲ್ಲ, ರಾಡಾರ್ ಇರಲಿಲ್ಲ. ಹಾಗಾದ್ರೆ ಏನಿತ್ತು? ಬಂದರಿಗೆ ಬಂದು ನಿಲ್ಲುವ ಹಡಗುಗಳ ದಿನಚರಿ ಪುಸ್ತಕಗಳು! ಯಾವ ದಿನ, ಯಾವ ಜಾಗದಲ್ಲಿ, ಯಾವ ದಿಕ್ಕಿನ ಗಾಳಿ ಅಂತ ನಾವಿಕರು ಬರೆದಿಟ್ಟದ್ದನ್ನೆಲ್ಲ ಒಟ್ಟು ಹಾಕಿ ಚಂಡಮಾರುತದ ನಕ್ಷೆ ಬಿಡಿಸಿದರು. ಚಂಡಮಾರುತದ ಗಾಳಿ ಬರೀ ಸುತ್ತು ಹೊಡೆಯಲ್ಲ, ಸುತ್ತುತ್ತಾ ನಡುವಿನ ಕಡೆಗೆ ನುಗ್ಗುತ್ತೆ ಅಂತ ಎಚ್ಚರಿಸಿದವರಲ್ಲಿ ಅವರೂ ಒಬ್ಬರು. ಇದು ಹಡಗಿನ ಕಪ್ತಾನನಿಗೆ ಜೀವ ಉಳಿಸುವ ಮಾತು.

ಇಷ್ಟೆಲ್ಲ ಇದ್ದ ಊರಲ್ಲೇ 1892ರ ಏಪ್ರಿಲ್ 29 ಬಂತು.

ಏಪ್ರಿಲ್ ಮಧ್ಯ ದಾಟಿದ ಮೇಲೆ ದೊಡ್ಡ ಚಂಡಮಾರುತ ಬರಲ್ಲ ಅನ್ನೋದು ಅಲ್ಲಿನ ನಂಬಿಕೆ. ಸುಮ್ಮನೆ ಹುಟ್ಟಿದ ನಂಬಿಕೆಯಲ್ಲ, ಹಳೆಯ ದಾಖಲೆಗಳೂ ಅದನ್ನೇ ಹೇಳುತ್ತಿದ್ದವು. ಅವತ್ತು ಬಂತು. ಮಧ್ಯಾಹ್ನದ ಹೊತ್ತಿಗೆ ಮನೆಗಳ ಮಾಡು ಹಾರತೊಡಗಿತು. ಎರಡೂವರೆ ಸುಮಾರಿಗೆ ಇದ್ದಕ್ಕಿದ್ದ ಹಾಗೆ ಗಾಳಿ ನಿಂತುಹೋಯಿತು.

ಜನ ಏನು ಮಾಡಿದರು? ನೀವಾಗಿದ್ದರೂ ನಾನಾಗಿದ್ದರೂ ಮಾಡುತ್ತಿದ್ದದ್ದನ್ನೇ ಮಾಡಿದರು. ಮುಗೀತು ಅಂದುಕೊಂಡು ಬಾಗಿಲು ತೆರೆದರು, ಬೀದಿಗೆ ಬಂದರು. ಆದರೆ ಮುಗಿದಿರಲಿಲ್ಲ. ಚಂಡಮಾರುತದ ಕಣ್ಣು ಅವರ ತಲೆ ಮೇಲೆ ಹಾದುಹೋಗುತ್ತಿತ್ತು. ಸುಮಾರು ಒಂದು ಗಂಟೆಯ ನಂತರ ಗಾಳಿ ವಾಪಸ್ ಬಂತು, ಈ ಸಲ ಎದುರು ದಿಕ್ಕಿನಿಂದ, ಮೊದಲಿಗಿಂತ ಜೋರಾಗಿ. ಒಂದು ಕಡೆಯ ಏಟಿಗೆ ಸಡಿಲವಾಗಿದ್ದ ಗೋಡೆಗಳು ಇನ್ನೊಂದು ಕಡೆಯ ಏಟಿಗೆ ನಿಲ್ಲಲಿಲ್ಲ. ಪೋರ್ಟ್ ಲೂಯಿಯ ದೊಡ್ಡ ಭಾಗ ನೆಲಸಮವಾಯಿತು. ದ್ವೀಪದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು.

ಇದನ್ನು ಓದಿದಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಒಮ್ಮೆ ಬಂಗಾಳಕೊಲ್ಲಿಯ ಚಂಡಮಾರುತದ ನೇರಪ್ರಸಾರ. ಕ್ಯಾಮೆರಾದಲ್ಲಿ ಶಾಂತವಾದ ಬೀದಿ ಕಂಡಿತು. ನಾನು ತಟ್ಟನೆ "ಗಂಡಾಂತರ ಕಳೆಯಿತು" ಅಂದುಬಿಟ್ಟೆ. ಇಲಾಖೆ ಹಾಗೆ ಹೇಳಿರಲಿಲ್ಲ, ಹೇಳಿದ್ದು ನನ್ನ ಕಣ್ಣು. ಎರಡು ಗಂಟೆಯ ನಂತರ ಅದೇ ಬೀದಿಯಲ್ಲಿ ಮೊಣಕಾಲುದ್ದ ನೀರು. ಯಾರಿಗೂ ಏನೂ ಆಗಲಿಲ್ಲ ಅನ್ನೋದು ಅದೃಷ್ಟ, ನನ್ನ ಜಾಣತನ ಅಲ್ಲ.

ಈಗ ಮಾರಿಷಸ್‌ನಲ್ಲಿ ಒಂದರಿಂದ ನಾಲ್ಕರ ತನಕ ಎಚ್ಚರಿಕೆಯ ಹಂತಗಳಿವೆ. ಅಷ್ಟಿದ್ದೂ 2024ರ ಜನವರಿ 15ರಂದು ಬೆಲಾಲ್ ಚಂಡಮಾರುತ ಬಂದಾಗ ಕೆಲಸಕ್ಕೆ ಹೊರಟಿದ್ದ ಜನ ಪೋರ್ಟ್ ಲೂಯಿಯಲ್ಲಿ ಪ್ರವಾಹಕ್ಕೆ ಸಿಕ್ಕಿಕೊಂಡರು, ಕಾರುಗಳು ಬೀದಿಯಲ್ಲೇ ತೇಲಿದವು. ಟೀಕೆ ಜೋರಾಗಿ ಹವಾಮಾನ ಇಲಾಖೆಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. ಅಲ್ಲಿ ಒಂದು ತಪ್ಪು ಎಚ್ಚರಿಕೆಗೆ ಬೆಲೆ ಕಟ್ಟಿದವರು ಇದ್ದಾರೆ. ನಮ್ಮಲ್ಲಿ ತಪ್ಪು ಹೇಳಿದ ಆ್ಯಂಕರ್ ಮಾರನೇ ದಿನ ಬೇರೆ ಸುದ್ದಿ ಓದುತ್ತಾನೆ. ನಾನೂ ಓದಿದೆ.

ಸಂಜೆ ಹಡಗು ಹೊರಟಾಗ ಬೆಟ್ಟದ ಮೇಲೆ ಮಳೆ, ನಮ್ಮ ಮೇಲೆ ಬಿಸಿಲು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಟಿವಿಯವರಲ್ವಾ? ನಾಳೆ ಹೆಂಗಿರುತ್ತಪ್ಪಾ ಸಮುದ್ರ?" ಅಂತ ಕೇಳಿದರು.

"ಕಪ್ತಾನರನ್ನ ಕೇಳಿ ಬಂದು ಹೇಳ್ತೀನಿ ಸರ್" ಅಂದೆ. ಕೇಳಿಕೊಂಡೇ ಬಂದು ಹೇಳಿದೆ.