ಟ್ರಸ್ಟ್ ಲೆಕ್ಕಪತ್ರ: ವ್ಯವಸ್ಥಾಪಕರ ಹೊಣೆ, ಆಡಿಟರ ಹೊಣೆ

ಶೆಟ್ಟಿಹಳ್ಳಿಯಾಗಲಿ ಕುಣಿಗಲ್ ಆಗಲಿ, ಬಸದಿಯ ಜಮೀನು, ಮಳಿಗೆ ನೋಡಿಕೊಳ್ಳುವ ಟ್ರಸ್ಟ್‌ನವರು "ಲೆಕ್ಕ ಆಡಿಟರು ನೋಡ್ಕೋತಾರೆ" ಎಂದು ಕೈಬಿಡುವಂತಿಲ್ಲ. ಬಾಡಿಗೆ ಕರಾರು, ರಸೀದಿ, ವೋಚರ್, ಆಸ್ತಿ ರಿಜಿಸ್ಟರ್ ಇಟ್ಟು, ಬ್ಯಾಂಕ್ ಲೆಕ್ಕ ತಾಳೆ ನೋಡಿ, ಆದಾಯ-ವೆಚ್ಚ ಪಟ್ಟಿ ಮತ್ತು ಬ್ಯಾಲೆನ್ಸ್ ಶೀಟ್ ತಯಾರಿಸುವುದು ವ್ಯವಸ್ಥಾಪಕರು, ಟ್ರಸ್ಟಿಗಳ ಕೆಲಸ. ಮೋಸ ಆಗದಂತೆ ಕಾಯುವುದೂ ಮೊದಲು ಅವರದೇ. ನಮ್ಮ ಅಂಗಡಿಯಂತೆ ಬಾಯಿಮಾತಿನ ಬಾಡಿಗೆ ಇಲ್ಲಿ ನಡೆಯದು.

ಆಡಿಟರು ಪರೀಕ್ಷಿಸಿ ಅಭಿಪ್ರಾಯ ಕೊಡುತ್ತಾರೆ. ಆಯ್ದ ದಾಖಲೆಗಳನ್ನು ನೋಡುತ್ತಾರೆಯೇ ಹೊರತು ಪ್ರತಿ ರಸೀದಿಯನ್ನೂ ಅಲ್ಲ.

ಆದಾಯ ತೆರಿಗೆ ಕಾಯ್ದೆಯಲ್ಲಿ, ನೋಂದಾಯಿತ ಟ್ರಸ್ಟ್‌ನ ವಿನಾಯಿತಿಗೆ ಮುಂಚಿನ ಆದಾಯ ನಿಗದಿತ ಮಿತಿ ದಾಟಿದರೆ ಆಡಿಟ್ ಕಡ್ಡಾಯ. ವರದಿ ತಡವಾದರೆ ವಿನಾಯಿತಿಗೇ ಕುತ್ತು. "ಮಾಹಿತಿಯೆಲ್ಲ ಕೊಟ್ಟಿದ್ದೇವೆ" ಎಂದು ಆಡಿಟರಿಗೆ ಬರೆದುಕೊಡುವ ಪತ್ರವನ್ನು ಓದಿಯೇ ಸಹಿ ಹಾಕಿ.